ಒಂದೇ ಕಾರಿಗೆ ಮೂರು ಆಂಪ್ಲಿಫೈಯರ್: ವೈರ್ ಎಷ್ಟು ದಪ್ಪ, ಅರ್ಥಿಂಗ್ ಎಲ್ಲಿ?

ಪ್ರಶ್ನೆ: ನಾನು ಅಂಕೋಲಾದವನು. ಕೆಲಸದ ನಿಮಿತ್ತ ಆಗಾಗ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿಬರುತ್ತೇನೆ. ನನ್ನದು ಚಿಕ್ಕ ಪೆಟ್ರೋಲ್ ಕಾರು. ನಾಲ್ಕು ಬಾಗಿಲುಗಳ ಸ್ಪೀಕರ್‌ಗಳಿಗೆ ತಲಾ 60 ವ್ಯಾಟ್ ಕೊಡುವ 4 ಚಾನೆಲ್‌ನ ಆಂಪ್ಲಿಫೈಯರ್ ಒಂದಿದೆ. ಡಿಕ್ಕಿಯ ಸಬ್‌ವೂಫರ್‌ಗೆ 500 ವ್ಯಾಟ್‌ನ ಮೊನೊ ಆಂಪ್ಲಿಫೈಯರ್ ಇದೆ. ಎರಡನ್ನೂ ಬೇರೆ ಬೇರೆ ಅಂಗಡಿಗಳಲ್ಲಿ ಹಾಕಿಸಿದೆ. ಮೊದಲು ಎಳೆದಿದ್ದ 8 ಗೇಜಿನ ಕಿಟ್ ವೈರಿನಿಂದಲೇ ಎರಡನೆಯದಕ್ಕೂ ಕವಲು ತೆಗೆದಿದ್ದಾರೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರ್‌ಗಳಲ್ಲಿ ಕುಂಯ್ ಎಂಬ ಶಬ್ದ ಏರುತ್ತದೆ. ರಾತ್ರಿ ಬಾಸ್ ಬಡಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ. ಕಳೆದ ತಿಂಗಳು ಸುಟ್ಟ ವಾಸನೆ ಬಂದು ಬಾನೆಟ್ ತೆರೆದಾಗ, 80 ಆಂಪಿಯರಿನ ಗಾಜಿನ ಫ್ಯೂಸ್ ಇಟ್ಟಿದ್ದ ಹೋಲ್ಡರ್ ಅರ್ಧ ಕರಗಿತ್ತು, ಆದರೆ ಫ್ಯೂಸ್ ಹಾರಿರಲಿಲ್ಲ. ಈಗ ಹಿಂದಿನ ಟ್ರೇಗೆ ಎರಡು ಸ್ಪೀಕರ್ ಮತ್ತು ತಲಾ 75 ವ್ಯಾಟ್‌ನ 2 ಚಾನೆಲ್ ಆಂಪ್ಲಿಫೈಯರ್ ಸೇರಿಸಬೇಕೆಂದಿದ್ದೇನೆ. ಒಬ್ಬರು 1 ಫ್ಯಾರಡ್ ಕೆಪಾಸಿಟರ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ದೊಡ್ಡ ಬ್ಯಾಟರಿ ಎನ್ನುತ್ತಾರೆ, ಸ್ನೇಹಿತರೊಬ್ಬರು ದೊಡ್ಡ ಫ್ಯೂಸ್ ಸಾಕು ಎನ್ನುತ್ತಾರೆ. ಹೊಸದರ ಔಟ್‌ಪುಟ್ಟನ್ನೂ ಸಬ್‌ವೂಫರ್‌ಗೇ ಸೇರಿಸಿದರೆ ಬಲ ಇಮ್ಮಡಿಯಾಗುತ್ತದೆ ಎಂಬ ಸಲಹೆಯೂ ಬಂದಿದೆ. ಯಾರ ಮಾತು ಕೇಳಲಿ?

ಉತ್ತರ: ಮೂರನೆಯ ಆಂಪ್ಲಿಫೈಯರಿನ ವಿಚಾರವನ್ನು ಸ್ವಲ್ಪ ಬದಿಗಿಟ್ಟು, ಕರಗಿದ ಹೋಲ್ಡರಿನಿಂದಲೇ ಆರಂಭಿಸುತ್ತೇನೆ. ಅದನ್ನು ಬದಲಿಸುವವರೆಗೆ ಆ ಫ್ಯೂಸನ್ನು ತೆಗೆದಿಟ್ಟು, ಹಾಡಿಲ್ಲದೆ ಕಾರು ಓಡಿಸಿ. ನೀವು ಬರೆದ ಮೂರು ತೊಂದರೆಗಳೂ, ಅಂದರೆ ಕುಂಯ್ ಶಬ್ದ, ಮಂಕಾಗುವ ದೀಪ ಮತ್ತು ಸುಟ್ಟ ವಾಸನೆ, ಬೇರೆ ಬೇರೆ ರೋಗಗಳಂತೆ ಕಂಡರೂ ಮುಖ್ಯವಾಗಿ ಎರಡು ಕಾರಣಗಳಿಂದ ಹುಟ್ಟಿದವು: ಹರಿಯುವ ಕರೆಂಟಿಗೆ ಸಾಲದ ದಾರಿ ಮತ್ತು ಆ ಕರೆಂಟು ಬ್ಯಾಟರಿಗೆ ಹಿಂದಿರುಗುವ ಜಾಗ, ಎಂದರೆ ಅರ್ಥಿಂಗ್, ಸರಿಯಿಲ್ಲದಿರುವುದು. ನಿಮಗೆ ಬಂದ ಸಲಹೆಗಳಲ್ಲಿ ಒಂದೂ ಈ ಎರಡನ್ನು ಮುಟ್ಟುವುದಿಲ್ಲ.

ಮೊದಲು ಲೆಕ್ಕ ಹಾಕೋಣ. ಬಾಗಿಲಿನ ಸ್ಪೀಕರ್‌ಗಳ ಆಂಪ್ಲಿಫೈಯರ್ ಒಟ್ಟು 240 ವ್ಯಾಟ್ ಕೊಡಬೇಕು. ಅದು ಕ್ಲಾಸ್ ಎಬಿ ಬಗೆಯದಾಗಿದ್ದರೆ ಎಳೆದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಸ್ಪೀಕರ್‌ಗೆ ಹೋಗುತ್ತದೆ, ಉಳಿದದ್ದು ಶಾಖವಾಗುತ್ತದೆ, ಹೀಗಾಗಿ 13.8 ವೋಲ್ಟಿನಲ್ಲಿ ಅದು ಸುಮಾರು 32 ಆಂಪಿಯರ್ ಎಳೆಯುತ್ತದೆ. ಸಬ್‌ವೂಫರಿನದು ಸಾಮಾನ್ಯವಾಗಿ ಕ್ಲಾಸ್ ಡಿ ಆಗಿದ್ದು ಶೇಕಡಾ 80ರ ಆಸುಪಾಸಿನ ದಕ್ಷತೆ ಇರುವುದರಿಂದ 500 ವ್ಯಾಟ್‌ಗೆ 625 ವ್ಯಾಟ್, ಅಂದರೆ 45 ಆಂಪಿಯರ್ ಬೇಕು. ನೀವು ತರಬೇಕೆಂದಿರುವುದಕ್ಕೆ ಇನ್ನೂ 20. ಈಗಿನ ಒಟ್ಟು ಸುಮಾರು 77, ಮೂರನೆಯದು ಸೇರಿದರೆ 97 ಆಂಪಿಯರ್. ಹಾಡು ಸದಾ ಪೂರ್ಣ ಬಲದಲ್ಲಿ ಇರುವುದಿಲ್ಲ, ಸರಾಸರಿ ಬಳಕೆ ಇದರ ಮೂರನೆಯ ಒಂದಕ್ಕಿಂತಲೂ ಕಡಿಮೆ ಇರಬಹುದು, ನಿಜ. ಆದರೆ ಬಾಸ್ ಬಡಿಯುವ ಆ ಕ್ಷಣಗಳಲ್ಲಿ ವೈರು ಹೊರಬೇಕಾದದ್ದು ಗರಿಷ್ಠ ಕರೆಂಟನ್ನೇ.

ಈಗ ವೈರಿಗೆ ಬನ್ನಿ. 8 ಗೇಜ್ ಎಂದರೆ ಸುಮಾರು 8 ಚದರ ಮಿಲಿಮೀಟರ್. ಕಡಿಮೆ ಬೆಲೆಯ ಕಿಟ್‌ಗಳಲ್ಲಿ ಬರುವುದು ಬಹುಮಟ್ಟಿಗೆ ಶುದ್ಧ ತಾಮ್ರವಲ್ಲ, ಅಲ್ಯೂಮಿನಿಯಂ ಎಳೆಗಳ ಮೇಲೆ ತಾಮ್ರದ ತೆಳು ಲೇಪ. ಅದರ ವಾಹಕತೆ ತಾಮ್ರದ ಮೂರರಲ್ಲಿ ಎರಡು ಪಾಲಿಗೂ ಕಡಿಮೆ. ವೈರನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದೇ. (ತವರ ಲೇಪಿಸಿದ ತಾಮ್ರವೂ ಹೊರಗೆ ಬೆಳ್ಳಗೇ ಇರುತ್ತದೆ, ಆದರೆ ಕೆರೆದಾಗ ಒಳಗೆ ಕೆಂಪು ಕಾಣುತ್ತದೆ.) ಇಂಥ ವೈರು 5 ಮೀಟರ್ ಉದ್ದವಿದ್ದು 77 ಆಂಪಿಯರ್ ಹರಿದರೆ, ಬ್ಯಾಟರಿಯಿಂದ ಡಿಕ್ಕಿಗೆ ಬರುವಷ್ಟರಲ್ಲೇ 1.3 ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ ಮತ್ತು ಸುಮಾರು 100 ವ್ಯಾಟ್ ಕಾರ್ಪೆಟ್ಟಿನ ಅಡಿಯಲ್ಲಿ ಶಾಖವಾಗುತ್ತದೆ. ಅದೇ ದೂರಕ್ಕೆ 35 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ, 97 ಆಂಪಿಯರಿನಲ್ಲೂ ಕಾಲು ವೋಲ್ಟಿಗಿಂತ ಹೆಚ್ಚು ಇಳಿಯುವುದಿಲ್ಲ.

ಹಾಗಾದರೆ ಫ್ಯೂಸ್ ಹಾರದೆ ಹೋಲ್ಡರ್ ಏಕೆ ಕರಗಿತು? ಫ್ಯೂಸಿಗೆ ಗೊತ್ತಾಗುವುದು ತನ್ನೊಳಗೆ ಹರಿಯುವ ಕರೆಂಟು ಮಾತ್ರ. ಪಕ್ಕದ ಜೋಡಣೆಯಲ್ಲಿ ಹುಟ್ಟುವ ರೋಧವನ್ನು ಅದು ಅಳೆಯುವುದಿಲ್ಲ. ಗಾಜಿನ ಫ್ಯೂಸಿನ ತುದಿಗಳನ್ನು ಹಿಡಿದಿಡುವ ತೆಳು ತಗಡು ಕ್ರಮೇಣ ಸಡಿಲವಾಗುತ್ತದೆ, ನಮ್ಮ ಉಪ್ಪುಗಾಳಿ ಸೇರಿದರೆ ಅಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಆ ಜಾಗದಲ್ಲಿ 0.02 ಓಮ್‌ನಷ್ಟು ರೋಧ ಬಂದರೂ 75 ಆಂಪಿಯರಿಗೆ 112 ವ್ಯಾಟ್ ಶಾಖ ಒಂದೇ ಬಿಂದುವಿನಲ್ಲಿ ಹುಟ್ಟುತ್ತದೆ. ಬೆಸುಗೆ ಹಾಕುವ ಕಡ್ಡಿಯೂ ಇದಕ್ಕಿಂತ ಕಡಿಮೆ ವ್ಯಾಟಿನದಿರುತ್ತದೆ. ಕರಾವಳಿಯಲ್ಲಿ ನಾನು ಬಿಚ್ಚಿ ನೋಡಿದ ಸುಟ್ಟ ಜೋಡಣೆಗಳಲ್ಲಿ ಹೆಚ್ಚಿನವು ಇಂಥವೇ: ವೈರು ಸರಿಯಿತ್ತು, ಫ್ಯೂಸ್ ಸರಿಯಿತ್ತು, ಅವೆರಡು ಕೂಡುವ ಜಾಗ ಸರಿಯಿರಲಿಲ್ಲ.

ಇನ್ನು ನಿಮ್ಮ ಸ್ನೇಹಿತರ ದೊಡ್ಡ ಫ್ಯೂಸು. ಫ್ಯೂಸ್ ಇರುವುದು ಆಂಪ್ಲಿಫೈಯರಿಗೆ ಬಲ ಕೊಡಲಿಕ್ಕಲ್ಲ, ಆಂಪ್ಲಿಫೈಯರನ್ನು ಕಾಯಲಿಕ್ಕೂ ಅಲ್ಲ, ವೈರನ್ನು ಕಾಯಲಿಕ್ಕೆ. ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನಲ್ಲಿ ವೈರಿನ ಸಿಪ್ಪೆ ಉಜ್ಜಿ ಬಾಡಿಗೆ ತಾಗಿತೆಂದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ಆಗ ಮೊದಲು ಹಾರಬೇಕಾದದ್ದು ಫ್ಯೂಸು. ನಿಮ್ಮ ಈಗಿನ ವೈರಿಗೆ 80 ಆಂಪಿಯರೇ ಅತಿಯಾಯಿತು. 120 ಹಾಕಿದರೆ ವೈರು ಫ್ಯೂಸಿಗಿಂತ ಮೊದಲು ಉರಿಯುತ್ತದೆ. ಇದೇ ಕಾರಣಕ್ಕೆ ಮುಖ್ಯ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರಿನ ಒಳಗಿರಬೇಕು. ಡಿಕ್ಕಿಯಲ್ಲಿ ಆಂಪ್ಲಿಫೈಯರಿನ ಪಕ್ಕ ಫ್ಯೂಸ್ ಇಟ್ಟು ಬ್ಯಾಟರಿ ಬಳಿ ಹಾಕದೆ ಬಿಟ್ಟರೆ, ಕಾರಿನ ಉದ್ದಕ್ಕೂ ಇರುವ ವೈರಿಗೆ ಕಾವಲೇ ಇಲ್ಲದಂತಾಗುತ್ತದೆ.

ಸ್ವಲ್ಪ ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಥಟ್ಟನೆ ಕೊಡುವ ಕೆಪಾಸಿಟರಿನ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ಲೆಕ್ಕ ನೋಡಿ. 1 ಫ್ಯಾರಡ್ ಕೆಪಾಸಿಟರಿನ ವೋಲ್ಟೇಜು 14.4ರಿಂದ 13ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವ ಶಕ್ತಿ ಸುಮಾರು 19 ಜೂಲ್. 625 ವ್ಯಾಟ್ ಎಳೆಯುವ ಆಂಪ್ಲಿಫೈಯರಿಗೆ ಅದು ಸಾಲುವುದು ಸೆಕೆಂಡಿನ ನೂರರಲ್ಲಿ ಮೂರು ಪಾಲು, ಅಂದರೆ 40 ಹರ್ಟ್ಜ್‌ನ ಬಾಸಿನ ಒಂದು ತರಂಗ ಮುಗಿಯುವಷ್ಟು ಹೊತ್ತು. ಆಮೇಲೆ ಅದನ್ನು ಮತ್ತೆ ತುಂಬಬೇಕಾದದ್ದೂ ಅದೇ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಕಾರಿನ ವಿದ್ಯುತ್ ಜನರೇಟರು), ಅದೇ ತೆಳು ವೈರಿನ ಮೂಲಕ. ದೊಡ್ಡ ಬ್ಯಾಟರಿಯದೂ ಹೆಚ್ಚುಕಡಿಮೆ ಇದೇ ಕತೆ. ಎಂಜಿನ್ ಓಡುವಾಗ ವಿದ್ಯುತ್ತು ಬರುವುದು ಆಲ್ಟರ್ನೇಟರಿನಿಂದ, ವೋಲ್ಟೇಜು 12.6ರ ಸುತ್ತಮುತ್ತ ಕುಸಿದ ಮೇಲಷ್ಟೇ ಬ್ಯಾಟರಿ ನಿಜವಾಗಿ ಕೈಜೋಡಿಸುತ್ತದೆ. ಕಾರವಾರದ ಕಡಲತೀರದಲ್ಲಿ ಎಂಜಿನ್ ನಿಲ್ಲಿಸಿ ಹಾಡು ಹಾಕುವ ಅಭ್ಯಾಸವಿದ್ದರೆ ದೊಡ್ಡ ಬ್ಯಾಟರಿಗೆ ಅರ್ಥವಿದೆ. 35 ಆಂಪಿಯರ್ ಅವರ್‌ನ ಬ್ಯಾಟರಿಯಿಂದ 25 ಆಂಪಿಯರ್ ಎಳೆಯುತ್ತಿದ್ದರೆ ಮುಕ್ಕಾಲು ಗಂಟೆಯೊಳಗೆ ಕಾರು ಸ್ಟಾರ್ಟ್ ಆಗುವುದೇ ಅನುಮಾನ.

ಹೆಡ್‌ಲೈಟ್ ಮಂಕಾಗುವುದಕ್ಕೆ ಆಲ್ಟರ್ನೇಟರಿನ ಪಾಲೂ ಇದೆ. ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಅದರ ಸಾಮರ್ಥ್ಯ ಸಾಮಾನ್ಯವಾಗಿ 70ರಿಂದ 90 ಆಂಪಿಯರ್, ಅದೂ ಎಂಜಿನ್ ವೇಗವಾಗಿ ತಿರುಗುವಾಗ. ಐಡಲಿನಲ್ಲಿ, ಅಂದರೆ ಕಾರು ನಿಂತು ಎಂಜಿನ್ ನಿಧಾನವಾಗಿ ತಿರುಗುವಾಗ, ಅದರ ಅರ್ಧವೂ ಸಿಗದಿರಬಹುದು. ಮಳೆಗಾಲದ ರಾತ್ರಿ ಹೆಡ್‌ಲೈಟು, ವೈಪರು, ಬ್ಲೋವರು, ರೇಡಿಯೇಟರ್ ಫ್ಯಾನು, ಪೆಟ್ರೋಲ್ ಪಂಪು ಎಲ್ಲ ಸೇರಿದರೆ ಕಾರಿಗೇ 30ರಿಂದ 40 ಆಂಪಿಯರ್ ಬೇಕು. ಹೆದ್ದಾರಿಯಲ್ಲಿ ಓಡುವಾಗ ದೀಪ ಸ್ಥಿರವಾಗಿದ್ದು ಸಿಗ್ನಲಿನಲ್ಲಿ ನಿಂತಾಗ ಮಾತ್ರ ಮಂಕಾಗುತ್ತಿದ್ದರೆ ಅದು ಆಲ್ಟರ್ನೇಟರಿನ ಮಿತಿ. ಓಡುವಾಗಲೂ ಮಂಕಾಗುತ್ತಿದ್ದರೆ ಬ್ಯಾಟರಿ ಟರ್ಮಿನಲ್ ಅಥವಾ ಎಂಜಿನ್ನಿನಿಂದ ಬಾಡಿಗೆ ಬರುವ ಅರ್ತ್ ಪಟ್ಟಿಯನ್ನು ಮೊದಲು ಸಂಶಯಿಸಿ. ಐದಾರು ಮಳೆಗಾಲ ಕಂಡ ಕರಾವಳಿ ಕಾರಿನಲ್ಲಿ ಆ ಪಟ್ಟಿ ಹೊರಗೆ ಹೆಣೆದಂತೆಯೇ ಕಂಡರೂ ಲಗ್ಗಿನ (ಬೋಲ್ಟಿಗೆ ಬಿಗಿಯುವ ತುದಿಯ ಲೋಹದ ಬಳೆ) ಕೆಳಗೆ ಪುಡಿಯಾಗಿರುವುದು ಅಪರೂಪವಲ್ಲ.

ಕುಂಯ್ ಶಬ್ದ ಎಂಜಿನ್ನಿನ ವೇಗದೊಂದಿಗೆ ಏರುತ್ತದೆ ಎಂದಿದ್ದೀರಿ. ಅದು ಆಲ್ಟರ್ನೇಟರಿನ ಏರಿಳಿತ ಹಾಡಿನ ಸಿಗ್ನಲ್ಲಿನೊಳಗೆ ನುಸುಳಿದ್ದರ ಗುರುತು. ಎರಡು ಅಂಗಡಿಗಳವರು ಎರಡು ಕಡೆ ಅರ್ಥಿಂಗ್ ಮಾಡಿರುವ ಸಾಧ್ಯತೆ ಹೆಚ್ಚು: ಒಂದು ಸೀಟಿನ ಬೋಲ್ಟಿಗೆ, ಇನ್ನೊಂದು ಡಿಕ್ಕಿಯ ಯಾವುದೋ ತಿರುಪಿಗೆ, ಅದೂ ಬಣ್ಣದ ಮೇಲೆಯೇ. ಎರಡೂ ಜಾಗಗಳು ಬಾಡಿಯೇ ಆದರೂ ಅವುಗಳ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸವಿರುತ್ತದೆ. ಎರಡು ಆಂಪ್ಲಿಫೈಯರುಗಳನ್ನೂ ಸ್ಟಿರಿಯೊವನ್ನೂ, ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರಕವಚ ಜೋಡಿಸಿರುವುದರಿಂದ ಆ ವ್ಯತ್ಯಾಸ ಕೇಬಲ್ಲಿನ ಮೂಲಕ ಹರಿದು ಸಿಗ್ನಲ್ಲಿಗೆ ಬೆರೆಯುತ್ತದೆ. ಸ್ಟಿರಿಯೊದ ಸಿಗ್ನಲ್ಲು 2 ವೋಲ್ಟ್ ಇದ್ದಾಗ 20 ಮಿಲಿವೋಲ್ಟಿನ ಕಲಬೆರಕೆಯಾದರೂ, ಹಾಡು ಮೆತ್ತಗಾದ ಜಾಗದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಪತ್ತೆ ಮಾಡುವ ವಿಧಾನ ಸರಳ: ಎಲ್ಲವನ್ನೂ ಆಫ್ ಮಾಡಿ ಆಂಪ್ಲಿಫೈಯರಿನ ಬದಿಯಲ್ಲಿ ಆರ್‌ಸಿಎ ಕೇಬಲ್ ಕಳಚಿ, ಎಂಜಿನ್ ಸ್ಟಾರ್ಟ್ ಮಾಡಿ, ಆಂಪ್ಲಿಫೈಯರ್ ಆನ್ ಮಾಡಿ. ಶಬ್ದ ನಿಂತರೆ ಅದು ಕೇಬಲ್ಲಿನ ಮೂಲಕ ಬರುತ್ತಿತ್ತು. ನಿಲ್ಲದಿದ್ದರೆ ಆಂಪ್ಲಿಫೈಯರಿನಲ್ಲೋ ಅದರ ವಿದ್ಯುತ್ ಸಂಪರ್ಕದಲ್ಲೋ ದೋಷವಿದೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಇದನ್ನು ಬಲ್ಲವರು ಕಡಿಮೆ. ಆಂಪ್ಲಿಫೈಯರ್ ಓಡುತ್ತಿರುವಾಗ ಅದರ ಅರ್ತ್ ವೈರು ಸಡಿಲಾಗಿ ಕಳಚಿಕೊಂಡರೆ, ಅದರ ಕರೆಂಟೆಲ್ಲ ಆರ್‌ಸಿಎ ಕವಚದ ಮೂಲಕ ಸ್ಟಿರಿಯೊಗೆ ನುಗ್ಗಿ, ಒಳಗಿನ ಸಣ್ಣ ಫ್ಯೂಸನ್ನೋ ತಾಮ್ರದ ಗೆರೆಯನ್ನೋ ಸುಟ್ಟುಹಾಕುತ್ತದೆ. ಆ ಬಳಿಕ ಅರ್ಥಿಂಗ್ ಎಷ್ಟೇ ಚೆನ್ನಾಗಿ ಮಾಡಿದರೂ ಕುಂಯ್ ನಿಲ್ಲುವುದಿಲ್ಲ. ಸ್ಟಿರಿಯೊದ ಲೋಹದ ಮೈಗೂ ಅದರ ಆರ್‌ಸಿಎ ಕಿಂಡಿಯ ಹೊರ ಉಂಗುರಕ್ಕೂ, ಕೇಬಲ್ ಕಳಚಿಟ್ಟು, ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ರಿಪೇರಿ ಆಗಬೇಕಾದದ್ದು ಸ್ಟಿರಿಯೊ. ಯಾವುದೇ ವೈರಿಗೆ ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆಯಿರಿ ಎಂದು ನಾವು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಎರಡು ಆಂಪ್ಲಿಫೈಯರ್‌ಗಳ ಔಟ್‌ಪುಟ್ಟನ್ನು ಒಂದೇ ಸಬ್‌ವೂಫರ್ ಕಾಯಿಲ್‌ಗೆ ಸೇರಿಸುವ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಒಂದರ ಔಟ್‌ಪುಟ್ ಇನ್ನೊಂದಕ್ಕೆ ಶಾರ್ಟ್ ಸರ್ಕ್ಯೂಟ್ ಇದ್ದಂತೆ ವರ್ತಿಸುತ್ತದೆ, ಒಂದಾದರೂ ಸುಡುತ್ತದೆ. ಹೀಗೆ ಜೋಡಿಸಲೆಂದೇ ತಯಾರಾದ ಜೋಡಿ ಮೊನೊ ಆಂಪ್ಲಿಫೈಯರ್‌ಗಳಿವೆ. ಅವುಗಳ ಕೈಪಿಡಿಯಲ್ಲಿ ಹಾಗೆಂದು ಬರೆದಿರುತ್ತದೆ. ನಿಮ್ಮವು ಆ ಜಾತಿಯವಲ್ಲ.

ಈಗ ಆಯ್ಕೆಗಳು. ನನ್ನನ್ನು ಕೇಳಿದರೆ ಮೂರನೆಯದು ಬೇಡ. ಮುಂದೆ ಕೂತು ಕೇಳುವವನಿಗೆ ಹಿಂದಿನ ಟ್ರೇಯ ಸ್ಪೀಕರ್‌ಗಳಿಂದ ಸಿಗುವ ಲಾಭ ಅತ್ಯಲ್ಪ. ಆ ಹಣದಲ್ಲಿ ಇರುವ ಎರಡಕ್ಕೇ ಸರಿಯಾದ ವೈರಿಂಗ್ ಮಾಡಿಸಿದರೆ ಕಿವಿಗೆ ತಿಳಿಯುವಷ್ಟು ವ್ಯತ್ಯಾಸ ಬರುತ್ತದೆ. ಎರಡನೆಯ ದಾರಿ, ಎರಡನ್ನೂ ಮಾರಿ ಕ್ಲಾಸ್ ಡಿ ಬಗೆಯ 5 ಚಾನೆಲ್ ಆಂಪ್ಲಿಫೈಯರ್ ಒಂದನ್ನು ಕೊಳ್ಳುವುದು. ಬಾಗಿಲುಗಳಿಗೆ ತಲಾ 60, ಸಬ್‌ವೂಫರ್‌ಗೆ 350 ವ್ಯಾಟ್ ಕೊಡುವಂಥದ್ದು ಎಳೆಯುವುದು ಸುಮಾರು 53 ಆಂಪಿಯರ್, ಅಂದರೆ ಈಗಿನದಕ್ಕಿಂತ ಎಷ್ಟೋ ಕಡಿಮೆ. ವೈರು ಒಂದು, ಅರ್ತ್ ಒಂದು, ಕುಂಯ್ ಎನ್ನಲು ಅವಕಾಶವೂ ಕಡಿಮೆ. ಅಪಾಯವೆಂದರೆ ಅದು ಕೆಟ್ಟ ದಿನ ಕಾರು ಪೂರ್ತಿ ಮೌನ. ಅಲ್ಲದೆ ಅಗ್ಗದ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳು ರೇಡಿಯೊಗೆ ಅಡ್ಡಿ ಮಾಡುತ್ತವೆ. ಘಟ್ಟದ ತಿರುವುಗಳಲ್ಲಿ ಮೊದಲೇ ಕ್ಷೀಣಿಸುವ ಕಾರವಾರ ಆಕಾಶವಾಣಿ ಆಗ ಇನ್ನೂ ಬೇಗ ಕೈಬಿಡುತ್ತದೆ.

ಮೂರೂ ಬೇಕೇ ಬೇಕು ಎಂದಾದರೆ ಕವಲಿನ ಮೇಲೆ ಕವಲು ತೆಗೆಯುವುದನ್ನು ಬಿಟ್ಟು ಬುಡದಿಂದ ಹೊಸದಾಗಿ ಮಾಡಿಸಿ. ಬ್ಯಾಟರಿಯ ಪ್ಲಸ್‌ನಿಂದ 35 ಚದರ ಮಿಲಿಮೀಟರಿನ ಒಂದೇ ತಾಮ್ರದ ವೈರು ಹೊರಡಲಿ, ಆರಂಭದಲ್ಲೇ ಬೋಲ್ಟು ಹಾಕಿ ಬಿಗಿಯುವ ಎಎನ್‌ಎಲ್ ಬಗೆಯ 125 ಆಂಪಿಯರ್ ಫ್ಯೂಸ್ ಇರಲಿ. ತಗಡನ್ನು ದಾಟುವಲ್ಲಿ ರಂಧ್ರದ ಅಂಚಿಗೆ ರಬ್ಬರ್ ಬಳೆ (ಗ್ರೋಮೆಟ್) ಇಲ್ಲದೆ ಎಳೆಯಬಾರದು. ಡಿಕ್ಕಿಯಲ್ಲಿ, ಒಂದು ವೈರನ್ನು ಹಲವು ಕವಲುಗಳಿಗೆ ಹಂಚುವ ಡಿಸ್ಟ್ರಿಬ್ಯೂಷನ್ ಬ್ಲಾಕ್ ಒಂದಿರಲಿ. ಅಲ್ಲಿಂದ ವೈರು ಸಣ್ಣದಾಗುವುದರಿಂದ ಪ್ರತಿ ಕವಲಿಗೂ ಬೇರೆ ಫ್ಯೂಸ್ ಬೇಕು. ಸಬ್‌ವೂಫರಿನದಕ್ಕೆ 16 ಚದರ ಮಿಲಿಮೀಟರ್ ಮತ್ತು 60 ಆಂಪಿಯರ್, 4 ಚಾನೆಲ್‌ನದಕ್ಕೆ 10 ಮತ್ತು 40, ಟ್ರೇಯದಕ್ಕೆ 10 ಮತ್ತು 30 ಸಾಕು. ಆಂಪ್ಲಿಫೈಯರಿನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಬ್ಲಾಕನ್ನು ಕಾರ್ಪೆಟ್ಟಿನ ಅಡಿಯಲ್ಲಿ ನೆಲಕ್ಕೆ ಹಾಕಿಸಬೇಡಿ. ಜೂನ್ ಬಂತೆಂದರೆ ಒದ್ದೆ ಕೊಡೆ, ಚಪ್ಪಲಿಗಳ ನೀರೆಲ್ಲ ಅಲ್ಲೇ ಇಳಿಯುತ್ತದೆ. ಸ್ವಲ್ಪ ಎತ್ತರದಲ್ಲಿ ಪ್ಲೈವುಡ್ ತುಂಡಿಗೆ ಬಿಗಿಸಿ. ಸಬ್‌ವೂಫರಿನ ಪೆಟ್ಟಿಗೆಗೆ ಮಾತ್ರ ಬೇಡ, ಅದರ ನಡುಕಕ್ಕೆ ತಿರುಪು ಸಡಿಲಾಗುತ್ತದೆ.

ಅರ್ಥಿಂಗ್‌ನಲ್ಲಿ ಚೌಕಾಸಿ ಬೇಡ. ಮೂರು ಆಂಪ್ಲಿಫೈಯರ್‌ಗಳ ಮೈನಸ್ಸೂ ಒಂದು ಬ್ಲಾಕಿಗೆ ಬಂದು, ಅಲ್ಲಿಂದ 35 ಚದರ ಮಿಲಿಮೀಟರಿನ ಒಂದೇ ವೈರು, ಅರ್ಧ ಮೀಟರಿನೊಳಗೆ, ಬಾಡಿಯ ದಪ್ಪ ತಗಡಿಗೆ ಹೋಗಬೇಕು. ಆ ಜಾಗದ ಬಣ್ಣವನ್ನು ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ, ಹೊರಗಿನಿಂದ ಬಣ್ಣವನ್ನೋ ವ್ಯಾಸಲಿನ್ನನ್ನೋ ದಪ್ಪಗೆ ಬಳಿಯಿರಿ. ಉಜ್ಜಿ ಹಾಗೇ ಬಿಟ್ಟ ಲೋಹಕ್ಕೆ ನಮ್ಮಲ್ಲಿ ಒಂದು ಮಳೆಗಾಲ ಸಾಕು. ಸೀಟ್ ಬೆಲ್ಟಿನ ಬೋಲ್ಟನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಹೊಸ ಕಾರುಗಳಲ್ಲಿ ಅನೇಕವಕ್ಕೆ ಬ್ಯಾಟರಿಯ ಮೈನಸ್ ತುದಿಯಲ್ಲೇ ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ. ಅಂಥಲ್ಲಿ ಆಂಪ್ಲಿಫೈಯರಿನ ಅರ್ತನ್ನು ನೇರ ಬ್ಯಾಟರಿ ಕಂಬಕ್ಕೆ ಕೊಟ್ಟರೆ ಸೆನ್ಸರಿಗೆ ಆ ಕರೆಂಟು ಕಾಣದೆ ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಬಾಡಿಗೇ ಕೊಡಿ. ಇದರ ಜತೆಗೆ ಬಾನೆಟ್ ಅಡಿಯಲ್ಲೂ ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯ ಮೈನಸ್ಸಿನಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ ದಪ್ಪ ವೈರು ಹೆಚ್ಚುವರಿಯಾಗಿ ಸೇರಿಸಿ. ಮೊದಲನೆಯದಕ್ಕೆ ಫ್ಯೂಸ್ ಬೇಕು. ಇಷ್ಟಾದ ಮೇಲೂ ಐಡಲಿನಲ್ಲಿ ದೀಪ ಮಂಕಾದರೆ ಉಳಿಯುವುದು ದೊಡ್ಡ ಆಲ್ಟರ್ನೇಟರ್, ಅದು ಚಿಕ್ಕ ಕಾರಿಗೆ ಸುಲಭವಾಗಿ ಸಿಗುವುದೂ ಇಲ್ಲ, ಅಗ್ಗವೂ ಅಲ್ಲ.

ವೈರು ಕೊಳ್ಳುವಾಗ ತವರ ಲೇಪಿಸಿದ ತಾಮ್ರದ್ದು ಸಿಕ್ಕರೆ ಅದನ್ನೇ ಆರಿಸಿ. ಉಪ್ಪುನೀರಿನಲ್ಲಿ ಓಡುವ ದೋಣಿಗಳ ವೈರಿಂಗಿಗೆ ಹೇಳಿಮಾಡಿಸಿದ ಸರಕು ಅದು. ಕಾರವಾರದ ಬೈತಖೋಲ ಬಂದರಿನ ದೋಣಿಗಳ ಕೆಲಸ ಮಾಡುವ ಎಲೆಕ್ಟ್ರಿಷಿಯನ್ನರನ್ನು ಕೇಳಿದರೆ ದಾರಿ ತಿಳಿಯಬಹುದು. ಅಲ್ಯೂಮಿನಿಯಂ ಬೆರೆತ ವೈರು ಉಪ್ಪುಗಾಳಿಗೆ ಎರಡು ಲೋಹಗಳ ನಡುವಿನಿಂದಲೇ ಕೊರೆದುಹೋಗುತ್ತದೆ. ಲಗ್ಗನ್ನು ಕಟಿಂಗ್ ಪ್ಲೈಯರಿನಿಂದ ಚಪ್ಪಟೆ ಮಾಡದೆ ಸರಿಯಾದ ಕ್ರಿಂಪಿಂಗ್ ಉಪಕರಣದಿಂದ ಒತ್ತಿಸಿ, ಮೇಲೆ ಹೀಟ್ ಶ್ರಿಂಕ್ (ಒಳಮೈಗೆ ಅಂಟು ಬಳಿದ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ. ಬಾನೆಟ್ ಒಳಗಿನ ಭಾಗಕ್ಕೆ ಸುರುಳಿ ಪೈಪು ತೊಡಿಸುವುದರಿಂದ ಇಲಿಗಳಿಂದಲೂ ಒಂದಿಷ್ಟು ರಕ್ಷಣೆ. ಅಡಿಕೆ ತೋಟದ ಅಂಚಿನಲ್ಲಿ ಕಾರು ನಿಲ್ಲಿಸುವ ಶಿರಸಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಸಿಗ್ನಲ್ ವಿಷಯ ಅಷ್ಟು ಕಠಿಣವಲ್ಲ. ವಿದ್ಯುತ್ ವೈರು ಕಾರಿನ ಎಡ ಅಂಚಿನಲ್ಲಿ ಹೋದರೆ ಆರ್‌ಸಿಎ ಬಲ ಅಂಚಿನಲ್ಲಿ ಬರಲಿ. ಸ್ಟಿರಿಯೊದಲ್ಲಿ ಸಾಕಷ್ಟು ಔಟ್‌ಪುಟ್ ಇಲ್ಲದಿದ್ದರೆ ವೈ ಆಕಾರದ ಕವಲು ಬಳಸಬಹುದು. ಅದರಿಂದ ಸಿಗ್ನಲ್ ಅರ್ಧವಾಗುತ್ತದೆ ಎಂಬುದು ತಪ್ಪು ಕಲ್ಪನೆ, ಏಕೆಂದರೆ ಆಂಪ್ಲಿಫೈಯರಿನ ಇನ್‌ಪುಟ್ ರೋಧ ಸಾಮಾನ್ಯವಾಗಿ 10 ಸಾವಿರ ಓಮ್ ಅಥವಾ ಅದಕ್ಕಿಂತ ಹೆಚ್ಚಿದ್ದು, ಎರಡು ಸೇರಿದರೂ ಸ್ಟಿರಿಯೊಗೆ ಹೊರೆಯಾಗುವುದಿಲ್ಲ. ಸ್ಟಿರಿಯೊ ಆಂಪ್ಲಿಫೈಯರನ್ನು ಆನ್ ಮಾಡುವ ರಿಮೋಟ್ ವೈರಿಗೆ ಎರಡನೆಯ ಆಂಪ್ಲಿಫೈಯರ್ ಬಂದೊಡನೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಬೇಕು ಎನ್ನುತ್ತಾರೆ. ಮೂರು ಆಂಪ್ಲಿಫೈಯರ್‌ಗಳು ಆ ವೈರಿನಿಂದ ಎಳೆಯುವುದು ಒಂದು ರಿಲೇಯ ಕಾಯಿಲ್ ಎಳೆಯುವುದಕ್ಕಿಂತಲೂ ಕಡಿಮೆ ಇರುವುದುಂಟು. ಅದೇ ವೈರಿಗೆ ಕೂಲಿಂಗ್ ಫ್ಯಾನು, ಬಣ್ಣದ ದೀಪ ಇತ್ಯಾದಿ ತಗುಲಿಸುವುದಾದರೆ ಮಾತ್ರ ರಿಲೇ ಅವಶ್ಯ.

ಎಲ್ಲ ಜೋಡಣೆ ಮುಗಿದ ಮೇಲೆ ಗೇನ್ ಹೊಂದಿಸಬೇಕು. ಅದು ವಾಲ್ಯೂಮಿನ ಇನ್ನೊಂದು ಗುಂಡಿಯಲ್ಲ. ಸ್ಟಿರಿಯೊದ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಸರಿದೂಗಿಸುವುದು ಅದರ ಕೆಲಸ, ಹೆಚ್ಚು ತಿರುಗಿಸಿದಷ್ಟೂ ಕುಂಯ್ ಶಬ್ದವೂ ಹಿಗ್ಗುತ್ತದೆ. ಸ್ಪೀಕರ್ ಕಳಚಿ, ಬಾಸ್ ಬೂಸ್ಟ್ ಆಫ್ ಮಾಡಿ, ವಾಲ್ಯೂಮನ್ನು ಮುಕ್ಕಾಲಿಗಿಟ್ಟು ಪರೀಕ್ಷಾ ಸ್ವರ ಹಾಕಿ, ಔಟ್‌ಪುಟ್ಟಿನ ಎಸಿ ವೋಲ್ಟ್ ಅಳೆಯಿರಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಗುರಿ ಸಿಗುತ್ತದೆ: 4 ಓಮ್‌ಗೆ 60 ವ್ಯಾಟ್ ಎಂದರೆ 15.5 ವೋಲ್ಟ್, 2 ಓಮ್‌ಗೆ 500 ವ್ಯಾಟ್ ಎಂದರೆ 31.6 ವೋಲ್ಟ್. ಬಾಗಿಲಿನ ಸ್ಪೀಕರ್‌ಗಳಿಗೆ 1000 ಹರ್ಟ್ಜ್, ಸಬ್‌ವೂಫರ್‌ಗೆ 50 ಹರ್ಟ್ಜ್ ಸ್ವರ ಬಳಸಿ.

ಹೊಸ ಉಪಕರಣಗಳ ವಿಷಯವನ್ನು ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಅದರ ಷರತ್ತುಗಳನ್ನೂ ಓದಿಕೊಳ್ಳಿ.

ಅಂಗಡಿಯಿಂದ ಹೊರಡುವ ಮುನ್ನ ಎಂಜಿನ್ ಓಡುತ್ತ ಹಾಡು ಜೋರಾಗಿರುವಾಗ ಎರಡು ಅಳತೆ ಮಾಡಿಸಿ: ಬ್ಯಾಟರಿಯ ಪ್ಲಸ್‌ನಿಂದ ಆಂಪ್ಲಿಫೈಯರಿನ ಪ್ಲಸ್‌ಗೆ, ಬ್ಯಾಟರಿಯ ಮೈನಸ್‌ನಿಂದ ಆಂಪ್ಲಿಫೈಯರಿನ ಮೈನಸ್‌ಗೆ. ಎರಡರ ಮೊತ್ತ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಕೆಲಸ ಮುಗಿದಿಲ್ಲ ಎಂದರ್ಥ. ತಿರುಪಿನ ಕೆಳಗೆ ತಾಮ್ರದ ಎಳೆಗಳು ಒತ್ತಿ ಕೂರುವುದರಿಂದ ವಾರದ ನಂತರ ಎಲ್ಲವನ್ನೂ ಮತ್ತೊಮ್ಮೆ ಬಿಗಿಸಬೇಕು; ಬಳಿಕ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಅರ್ಧ ಗಂಟೆ ಜೋರಾಗಿ ಹಾಡು ಹಾಕಿದ ನಂತರ ಎಂಜಿನ್ ನಿಲ್ಲಿಸಿ ಫ್ಯೂಸ್ ಹೋಲ್ಡರ್ ಮತ್ತು ಬ್ಲಾಕುಗಳನ್ನು ಮುಟ್ಟಿ ನೋಡಿ. ಸುತ್ತಲಿನದಕ್ಕಿಂತ ಒಂದು ಜೋಡಣೆ ಮಾತ್ರ ಬಿಸಿಯಾಗಿದ್ದರೆ ಅದನ್ನು ಬರಿದೇ ಬಿಗಿದು ಬಿಡದೆ, ವೈರಿನ ಆ ತುದಿಯನ್ನು ಕತ್ತರಿಸಿ ಹೊಸ ಲಗ್ ಹಾಕಿಸಿ.